ಅಪ್ಪನ ಎದೆನೋವಿಗೆ ಹೊಲ ಮಾರಬೇಕೇ?

ಪ್ರಶ್ನೆ: ನಮ್ಮದು ಯಲಬುರ್ಗಾ ತಾಲ್ಲೂಕಿನ ಹಳ್ಳಿ. ಅಪ್ಪನಿಗೆ 61 ವರ್ಷ, ಎಪಿಎಂಸಿಯಲ್ಲಿ ಹಮಾಲಿ. ಕೆಲವು ತಿಂಗಳಿಂದ ಸ್ವಲ್ಪ ಜೋರಾಗಿ ನಡೆದರೂ ಎದೆ ಹಿಡಿದಂತಾಗಿ ಕೂತುಬಿಡುತ್ತಾರೆ. ಈ ಸಲ ಕೊಪ್ಪಳದ ಗವಿಮಠದ ಜಾತ್ರೆಯಲ್ಲಿ ತೇರಿನ ಮೈದಾನ ಮುಟ್ಟುವ ಮೊದಲೇ ದಾರಿಬದಿ ಕೂತರು. ಖಾಸಗಿ ಆಸ್ಪತ್ರೆಯವರು ಆಂಜಿಯೋಗ್ರಾಂ ಆಗಬೇಕು, ಸ್ಟೆಂಟ್ ಬೇಕಾಗಬಹುದು, ಎರಡೂವರೆ ಲಕ್ಷ ಹೊಂದಿಸಿಕೊಳ್ಳಿ ಎಂದಿದ್ದಾರೆ. ನಮಗೆ ಯಾವ ವಿಮೆಯೂ ಇಲ್ಲ. ಇರುವುದು ಎರಡು ಎಕರೆ ಎರೆ ಹೊಲ. ಅಣ್ಣ ಮಂಗಳೂರಿನಲ್ಲಿ ಗಾರೆ ಕೆಲಸದಲ್ಲಿದ್ದಾನೆ, ನಾನು ಗಂಗಾವತಿಯ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ. ಬಡ್ಡಿಗೆ ಸಾಲ ತರೋಣವೆಂದರೆ ಅಪ್ಪ, ‘ನನ್ನ ಸಲುವಾಗಿ ಹೊಲ ಕಳಕೋಬ್ಯಾಡ್ರಿ, ಆಗೋದು ಆಗ್ತೈತಿ’ ಎನ್ನುತ್ತಾರೆ. ನಾನೇನು ಮಾಡಲಿ?
– ಹೆಸರು ಬೇಡ, ಗಂಗಾವತಿ

ಉತ್ತರ: ಸಹೋದರಿ, ಮೊದಲ ಮಾತು: ಸಾಲಕ್ಕೆ ಕೈಯೊಡ್ಡಬೇಡಿ, ಹೊಲದ ಮಾತೂ ಈಗ ಬೇಡ. ಆದರೆ ಚಿಕಿತ್ಸೆಯನ್ನು ಮುಂದಕ್ಕೆ ಹಾಕಲೂ ಬೇಡಿ. ನಡೆದಾಗ ಬಂದು, ಕೂತಾಗ ಕಡಿಮೆಯಾಗುವ ಎದೆನೋವು ಹೃದಯದ ರಕ್ತನಾಳ ಕಿರಿದಾಗಿರುವುದರ ಸೂಚನೆ ಇರಬಹುದು. ಚೀಲ ಹೊರುವುದನ್ನು ಇವತ್ತಿನಿಂದಲೇ ನಿಲ್ಲಿಸಿ. ಬೀಡಿ, ತಂಬಾಕು ಇದ್ದರೆ ಅದನ್ನೂ ಬಿಡಿಸಿ. ಸುಮ್ಮನೆ ಕೂತಾಗಲೂ ನೋವು ಬಂದರೆ, ಬೆವರಿದರೆ, ಎಡಗೈಗೋ ದವಡೆಗೋ ನೋವು ಹರಿದರೆ ಬೆಳಗಾಗುವವರೆಗೆ ಕಾಯಬೇಡಿ. ತಕ್ಷಣ 108ಕ್ಕೆ ಕರೆ ಮಾಡಿ.

ವಿಮೆ ಇಲ್ಲ ಎಂದು ಬರೆದಿದ್ದೀರಿ. ರೇಷನ್ ಕಾರ್ಡಿನ ಬಗ್ಗೆ ಏನೂ ಬರೆದಿಲ್ಲ. ಮನೆಯಲ್ಲಿ ಬಿಪಿಎಲ್ ಕಾರ್ಡ್ ಇದ್ದು, ಅದರಲ್ಲಿ ಅಪ್ಪನ ಹೆಸರಿದ್ದರೆ ಅವರಿಗೆ ವಿಮೆ ಇದ್ದಂತೆಯೇ. 2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಉಚಿತ. ಕಂತು ಕಟ್ಟಬೇಕಿಲ್ಲ. ಸ್ಟೆಂಟ್ ಹಾಕುವ ಚಿಕಿತ್ಸೆಯೂ ಇದರೊಳಗೆ ಬರುತ್ತದೆ. ಇದು ನಮ್ಮ ಭಾಗಕ್ಕೆ ಹೊಸದೂ ಅಲ್ಲ: ಬಡವರ ದೊಡ್ಡ ಕಾಯಿಲೆಗಳಿಗಾಗಿ 2010ರಲ್ಲಿ ಬಂದ ವಾಜಪೇಯಿ ಆರೋಗ್ಯಶ್ರೀ ಮೊದಲು ಶುರುವಾದದ್ದೇ ಕೊಪ್ಪಳವೂ ಸೇರಿದ ಅಂದಿನ ಗುಲ್ಬರ್ಗ ವಿಭಾಗದಲ್ಲಿ. ಹೀಗಿದ್ದೂ ನಮ್ಮ ಹಳ್ಳಿಗಳಲ್ಲಿ ಎಷ್ಟೋ ಮಂದಿ ಕಾರ್ಡನ್ನು ಪೆಟ್ಟಿಗೆಯಲ್ಲಿಟ್ಟು ಸಾಲಕ್ಕೆ ಹೋಗುತ್ತಾರೆ. ಅದು ನನಗೆ ತುಂಬ ಸಂಕಟ ತರುವ ಸಂಗತಿ.

ಈ ಯೋಜನೆಯಲ್ಲಿ ಎಲ್ಲ ನಿಂತಿರುವುದು ನೀವು ಮೊದಲು ಯಾವ ಬಾಗಿಲಿಗೆ ಹೋಗುತ್ತೀರಿ ಎಂಬುದರ ಮೇಲೆ. ನೇರ ಖಾಸಗಿ ಆಸ್ಪತ್ರೆಗೆ ಹೋಗಿ ಅಡ್ವಾನ್ಸ್ ಕಟ್ಟಿದರೆ ಆ ದುಡ್ಡು ಯೋಜನೆಯಿಂದ ವಾಪಸ್ ಬರುತ್ತದೆಂದು ನಂಬಬೇಡಿ. ಮೊದಲು ಸರ್ಕಾರಿ ಆಸ್ಪತ್ರೆಗೇ ಹೋಗಿ. ಯಲಬುರ್ಗಾ ಇಲ್ಲವೇ ಕುಷ್ಟಗಿಯ ತಾಲ್ಲೂಕು ಆಸ್ಪತ್ರೆಯೂ ಆದೀತು, ನಿಮಗೆ ಹತ್ತಿರದ ಗಂಗಾವತಿ ಆಸ್ಪತ್ರೆಯೂ ಆದೀತು. ಹೃದಯದ ವಿಷಯವಾದ್ದರಿಂದ ವೈದ್ಯಕೀಯ ಕಾಲೇಜಿರುವ ಕೊಪ್ಪಳದ ಜಿಲ್ಲಾ ಆಸ್ಪತ್ರೆ ಇನ್ನೂ ಒಳ್ಳೆಯದು. ಅಪ್ಪನ ಆಧಾರ್, ರೇಷನ್ ಕಾರ್ಡ್, ಎರಡರ ಜೆರಾಕ್ಸ್, ಖಾಸಗಿ ಆಸ್ಪತ್ರೆಯ ಇಸಿಜಿ ಮತ್ತು ಚೀಟಿಗಳನ್ನು ಒಂದೇ ಚೀಲದಲ್ಲಿಟ್ಟುಕೊಳ್ಳಿ. ಬೆಳಿಗ್ಗೆ ಬೇಗ ಹೋಗಿ ಒಪಿಡಿ ಚೀಟಿ ಮಾಡಿಸಿ.

ಬೇಕಾದ ಚಿಕಿತ್ಸೆ ಅಲ್ಲಿ ಇಲ್ಲದಿದ್ದರೆ ವೈದ್ಯರು ರೆಫರಲ್ ಪತ್ರ ಕೊಡುತ್ತಾರೆ. ಅದನ್ನು ಕೇಳಿ ಪಡೆಯಿರಿ, ಸಂಕೋಚ ಬೇಡ. ಆ ಪತ್ರದೊಂದಿಗೆ ಹುಬ್ಬಳ್ಳಿಯ ಕಿಮ್ಸ್ ಸರ್ಕಾರಿ ಆಸ್ಪತ್ರೆಗೆ ಹೋಗಬಹುದು, ಕಲಬುರಗಿಯ ಜಯದೇವ ಹೃದ್ರೋಗ ಆಸ್ಪತ್ರೆಗೆ ಹೋಗಬಹುದು, ಯೋಜನೆಗೆ ಸೇರಿದ ಖಾಸಗಿ ಆಸ್ಪತ್ರೆಯನ್ನೂ ಆರಿಸಿಕೊಳ್ಳಬಹುದು. ಜಯದೇವದ ಹೊಸ ಕಟ್ಟಡ 2024ರ ಡಿಸೆಂಬರ್‌ನಲ್ಲಿ ಉದ್ಘಾಟನೆಯಾಗಿದೆ. ಹುಬ್ಬಳ್ಳಿಗಾದರೆ 2025ರ ಮೇ ತಿಂಗಳಿಂದ ಕುಷ್ಟಗಿಯಿಂದಲೇ ರೈಲಿದೆ, ಬಸ್ಸಿನ ಕುಲುಕಾಟ ಅಪ್ಪನಿಗೆ ತಪ್ಪುತ್ತದೆ. ಎಲ್ಲಿಗೆ ಹೋದರೂ ಮೊದಲು ‘ಆರೋಗ್ಯ ಮಿತ್ರ’ ಎಲ್ಲಿ ಕೂರುತ್ತಾರೆಂದು ಕೇಳಿ. ಯೋಜನೆಯ ಕಾಗದಪತ್ರ ನೋಡಿ, ಚಿಕಿತ್ಸೆಗೆ ಮಂಜೂರಾತಿ ತರಿಸಲು ನೆರವಾಗುವವರು ಅವರು. ತುರ್ತು ಸ್ಥಿತಿಯಲ್ಲಿ ಮಾತ್ರ ರೆಫರಲ್ ಪತ್ರ ಬೇಕಿಲ್ಲ. ಯಾರಾದರೂ ದುಡ್ಡು ಕೇಳಿದರೆ ‘ಯಾವುದಕ್ಕೆ, ರಸೀದಿ ಕೊಡಿ’ ಎನ್ನಿ. ಅನುಮಾನ ಬಂದರೆ ಆರೋಗ್ಯ ಸಹಾಯವಾಣಿ 104ಕ್ಕೆ ಕರೆ ಮಾಡಿ.

ಕಾರ್ಡ್ ಎಪಿಎಲ್ ಆಗಿದ್ದರೆ? ಆಗಲೂ ಸರ್ಕಾರ ನಿಗದಿಪಡಿಸಿದ ದರದ ಶೇ 30ರಷ್ಟನ್ನು, ಕುಟುಂಬಕ್ಕೆ ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯಲ್ಲಿ, ಯೋಜನೆ ಭರಿಸುತ್ತದೆ. ಉಳಿದದ್ದಕ್ಕೆ ಆಸ್ಪತ್ರೆಯ ಅಂದಾಜು ಪಟ್ಟಿಯೊಂದಿಗೆ ಮುಖ್ಯಮಂತ್ರಿ ಪರಿಹಾರ ನಿಧಿಗೆ ಅರ್ಜಿ ಹಾಕಬಹುದು. ಅಣ್ಣ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿದ್ದಾನೆಯೇ ವಿಚಾರಿಸಿ. ಮಂಡಳಿಯ ವೈದ್ಯಕೀಯ ನೆರವು ಅವಲಂಬಿತರಿಗೂ ಸಿಗುತ್ತದೆಯೇ ಎಂದು ಕಾರ್ಮಿಕ ಇಲಾಖೆಯ ಕಚೇರಿಯಲ್ಲಿ ಕೇಳಿ. ಮುಂದಿನ ದಿನಗಳಿಗಾಗಿ ಸಹಕಾರ ಸಂಘಗಳ ಸದಸ್ಯರಿಗಿರುವ ಯಶಸ್ವಿನಿ ಆರೋಗ್ಯ ಯೋಜನೆಯೂ ನೆನಪಿರಲಿ. 2018ರಲ್ಲಿ ನಿಂತಿದ್ದ ಈ ಯೋಜನೆ 2023ರಲ್ಲಿ ಮತ್ತೆ ಶುರುವಾದಾಗ ಹಳ್ಳಿಯ ನಾಲ್ವರ ಕುಟುಂಬಕ್ಕೆ ವರ್ಷದ ವಂತಿಗೆ 500 ರೂಪಾಯಿ ಇತ್ತು. ಊರಿನ ಸೊಸೈಟಿಯ ಸದಸ್ಯತ್ವ ಬೇಕು, ಹೆಸರು ನೋಂದಾಯಿಸುವುದು ಗೊತ್ತುಪಡಿಸಿದ ತಿಂಗಳುಗಳಲ್ಲಿ ಮಾತ್ರ.

ಸ್ಟೆಂಟ್ ಹಾಕಿದ ಮೇಲೂ ಗುಳಿಗೆ ತಪ್ಪದು. ಬಿಡುಗಡೆಯಾದ ಮೇಲಿನ ತಿಂಗಳ ಔಷಧಿಯ ಖರ್ಚೇ ಬಹಳ ಮನೆಗಳನ್ನು ಸೋಲಿಸುತ್ತದೆ, ಅರ್ಧಕ್ಕೇ ಗುಳಿಗೆ ನಿಲ್ಲಿಸಿ ಮತ್ತೆ ಆಸ್ಪತ್ರೆ ಸೇರುವವರಿದ್ದಾರೆ. ಬಿಪಿ, ಸಕ್ಕರೆ ಕಾಯಿಲೆಯ ತಪಾಸಣೆ, ಗುಳಿಗೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಉಚಿತ. ಉಳಿದವನ್ನು ಜನೌಷಧಿ ಮಳಿಗೆಯಲ್ಲಿ ಕೇಳಿ, ಅದೇ ಔಷಧಿ ಕಡಿಮೆ ಬೆಲೆಗೆ ಸಿಗುತ್ತದೆ.

ಇನ್ನು ಅಪ್ಪನ ಹಟ. ಅವರು ಸಾವಿಗೆ ಅಂಜದವರೆಂದು ತಿಳಿಯಬೇಡಿ. ಜೀವನವಿಡೀ ಚೀಲ ಹೊತ್ತು ಮನೆ ನಡೆಸಿದವರಿಗೆ ತಾನೇ ಮನೆಗೆ ಭಾರವಾಗುವುದು ಸಹಿಸಲಾಗದು. ‘ನಿನ್ನ ಜೀವಕ್ಕಿಂತ ಹೊಲ ದೊಡ್ಡದಾ ಅಪ್ಪಾ’ ಎಂದು ಅತ್ತರೆ ಅವರ ಹಟ ಗಟ್ಟಿಯಾದೀತು. ಬದಲಿಗೆ ಕಾರ್ಡನ್ನು ಅವರ ಕೈಗೆ ಕೊಟ್ಟು, ‘ಹೊಲ ಮಾರೋದಿಲ್ಲ, ಸಾಲ ತರೋದಿಲ್ಲ, ಕೊಪ್ಪಳಕ್ಕ ಹೋಗಿ ತೋರಿಸ್ಕೊಂಡು ಬರೋಣು’ ಎನ್ನಿ. ಅಣ್ಣನೂ ಫೋನಿನಲ್ಲಿ ಇದೇ ಮಾತು ಹೇಳಲಿ. ಊರಲ್ಲಿ ಈ ಯೋಜನೆಯಲ್ಲಿ ಆಪರೇಷನ್ ಆಗಿ ಬಂದವರಿದ್ದರೆ ಅವರನ್ನು ಸಂಜೆ ಕಟ್ಟೆಗೆ ಕರೆದು ಅಪ್ಪನ ಪಕ್ಕ ಕೂರಿಸಿ. ಮಕ್ಕಳ ಮಾತಿಗಿಂತ ಓರಗೆಯವರ ಅನುಭವಕ್ಕೆ ಅಪ್ಪಂದಿರು ಬೇಗ ತಲೆದೂಗುತ್ತಾರೆ.

ಈ ವಾರ ಅಂಗಡಿಯಲ್ಲಿ ಎರಡು ದಿನ ರಜೆ ಕೇಳಿ. ಇಂದೇ ಕಾರ್ಡಿನಲ್ಲಿ ಅಪ್ಪನ ಹೆಸರಿದೆಯೇ, ಇ–ಕೆವೈಸಿ ಆಗಿದೆಯೇ ನೋಡಿ. ಸೋಮವಾರ ಕೊಪ್ಪಳದ ಒಪಿಡಿ ಸಾಲಿನಲ್ಲಿ ಅಪ್ಪನ ಜೊತೆ ನೀವು ಇರಬೇಕು. ಎರಡೂವರೆ ಲಕ್ಷ ಎಲ್ಲಿಂದ ತರಲಿ ಎಂಬ ಚಿಂತೆಯನ್ನು ವೈದ್ಯರು ನೋಡಿ ಹೇಳುವವರೆಗೆ ಬದಿಗಿಡಿ. ಬಹುಶಃ ಅದರ ಅಗತ್ಯವೇ ಬೀಳಲಿಕ್ಕಿಲ್ಲ.