ಬಸಿರಿನ ಕಾಲ, ಅಂಡಾಣುವಿನ ಲೆಕ್ಕ

ಪ್ರಶ್ನೆ: ಬೆದೆಗೆ ಬಂದ ಆಕಳು ಒದರುತ್ತದೆ, ಲೋಳೆ ಸುರಿಸುತ್ತದೆ. ಹೆಣ್ಣುಮಕ್ಕಳಲ್ಲಿ ಬಸಿರು ನಿಲ್ಲುವ ದಿನ ತಿಳಿಯುವುದು ಹೇಗೆ?
– ರೈತರೊಬ್ಬರು, ಬಸವನ ಬಾಗೇವಾಡಿ

ಉತ್ತರ: ಆಕಳು ಸುಮಾರು 21 ದಿನಕ್ಕೊಮ್ಮೆ ಬೆದೆಗೆ ಬರುತ್ತದೆ. ಬೆದೆ ಇಳಿದು 10–12 ತಾಸಿಗೆ ಅಂಡಾಣು ಹೊರಬೀಳುತ್ತದೆ. ಅದಕ್ಕೇ ಬೆಳಿಗ್ಗೆ ಬೆದೆ ಕಂಡರೆ ಸಂಜೆ ಕೃತಕ ಗರ್ಭಧಾರಣೆ ಮಾಡಿಸಿ ಎನ್ನುತ್ತಾರೆ ಪಶುವೈದ್ಯರು. ಹೆಣ್ಣುಮಕ್ಕಳಲ್ಲಿ ಅಷ್ಟು ಎದ್ದುಕಾಣುವ ಕುರುಹಿಲ್ಲ. ಮುಂದಿನ ಮುಟ್ಟಿಗೆ ಸುಮಾರು 14 ದಿನ ಮೊದಲು ಅಂಡಾಣು ಹೊರಬರುತ್ತದೆ. ಆ ದಿನಗಳಲ್ಲಿ ಹೋಗುವ ಬಿಳಿ, ಹಸಿ ತತ್ತಿಯ ಲೋಳೆಯಂತೆ ತಿಳಿಯಾಗಿ, ಎಳೆದರೆ ಎಳೆ ಬರುವಂತಿರುತ್ತದೆ.

ಪ್ರಶ್ನೆ: ಮದುವೆಯಾಗಿ ಎರಡು ವರ್ಷ. ಯಜಮಾನರು ಪುಣೆಯಲ್ಲಿ ಕಟ್ಟಡ ಕೆಲಸಕ್ಕಿದ್ದಾರೆ. ದೀಪಾವಳಿಗೆ, ಎಳ್ಳಮಾಸಿಗೆ ನಾಲ್ಕು ದಿನ ಬಂದು ಹೋಗುತ್ತಾರೆ. ಮಕ್ಕಳಾಗಿಲ್ಲ. ನನ್ನಲ್ಲೇ ದೋಷವೆಂದು ಅತ್ತೆ ಬೈಯುತ್ತಾರೆ.
– ಹೆಸರು ಬೇಡ, ಇಂಡಿ ತಾಲ್ಲೂಕು

ಉತ್ತರ: ಹಾಗೆನ್ನಲು ಯಾರಿಗೂ ಆಧಾರವಿಲ್ಲ, ತಂಗಿ. ಹೊರಬಂದ ಅಂಡಾಣು ಬದುಕುವುದು 12ರಿಂದ 24 ತಾಸು. ವೀರ್ಯಾಣು ಹೆಚ್ಚೆಂದರೆ ಐದು ದಿನ. ತಿಂಗಳಲ್ಲಿ ಕಾಲ ಕೂಡಿಬರುವುದು ಆರು ದಿನ ಮಾತ್ರ. ಹಬ್ಬ ಆ ದಿನಗಳಲ್ಲಿ ಬೀಳದಿದ್ದರೆ ಅದು ನಿಮ್ಮ ತಪ್ಪೇ? ಒಂದು ವರ್ಷ ಒಟ್ಟಿಗಿದ್ದೂ ಬಸಿರಾಗದಿದ್ದರೆ ತಪಾಸಣೆ ಬೇಕು. ಈಗ ಮುಟ್ಟಿನ ದಿನ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. 28 ದಿನಕ್ಕೆ ಸರಿಯಾಗಿ ಮುಟ್ಟಾಗುತ್ತಿದ್ದರೆ, ಸುಮಾರು 9ರಿಂದ 14ನೇ ದಿನದವರೆಗೆ ಅವರು ಊರಿಗೆ ಬರಲಿ, ಇಲ್ಲವೇ ನೀವು ಪುಣೆಗೆ ಹೋಗಿ. ತಪಾಸಣೆಯ ಹೊತ್ತು ಬಂದರೆ ಅವರ ವೀರ್ಯ ಪರೀಕ್ಷೆಯೂ ಮೊದಲಿಗೇ ಆಗಲಿ.

ಪ್ರಶ್ನೆ: ಇಬ್ಬರು ಹೆಣ್ಣುಮಕ್ಕಳಿದ್ದಾರೆ. ಈಗ ಎರಡು ತಿಂಗಳ ಬಸಿರು. ಗಂಡಾಗಲೆಂದು ಮನೆಯವರು ಔಷಧಿ ತಂದಿದ್ದಾರೆ. ಕುಡಿಯಲೇ?
– ಸಿಂದಗಿ

ಉತ್ತರ: ಖಂಡಿತ ಬೇಡ. ತಾಯಿಯ ಅಂಡಾಣುವಿನಲ್ಲಿರುವುದು ಎಕ್ಸ್ ವರ್ಣತಂತು. ತಂದೆಯ ವೀರ್ಯಾಣುವಿನಲ್ಲಿ ಎಕ್ಸ್ ಇಲ್ಲವೇ ವೈ. ಎರಡೂ ಕೂಡಿದಾಗಲೇ ಹೆಣ್ಣೋ ಗಂಡೋ ತೀರ್ಮಾನವಾಗಿರುತ್ತದೆ. ಆಮೇಲೆ ಯಾವ ಔಷಧಿಯೂ ಅದನ್ನು ಬದಲಿಸದು. ಅದರಲ್ಲಿ ಹಾರ್ಮೋನು ಇದ್ದರಂತೂ ಕೂಸಿನ ಬೆಳವಣಿಗೆಗೇ ಅಪಾಯ. ಲಿಂಗಪತ್ತೆ ಮಾಡುವುದು, ಮಾಡಿಸುವುದು 1994ರ ಕಾಯ್ದೆಯಂತೆ ಅಪರಾಧ. ಈಗ ನಿಮಗೆ ಬೇಕಾದದ್ದು ಫೋಲಿಕ್ ಆಸಿಡ್, ಮೂರು ತಿಂಗಳಾದ ಮೇಲೆ ಕಬ್ಬಿಣಾಂಶದ ಗುಳಿಗೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ.

ಪ್ರಶ್ನೆ: ನನಗೆ 36. ಎಎಂಎಚ್ ಕಡಿಮೆಯಿದೆ, ತತ್ತಿ ಮುಗಿಯುತ್ತ ಬಂದಿವೆ ಎಂದರು. ಹೆಚ್ಚಿಸುವ ಟಾನಿಕ್ ಇದೆಯೇ?
– ಮುದ್ದೇಬಿಹಾಳ

ಉತ್ತರ: ಇಲ್ಲ, ಅದಕ್ಕೆ ಹಣ ಸುರಿಯಬೇಡಿ. ಹೆಣ್ಣುಕೂಸು ತಾಯಿಯ ಹೊಟ್ಟೆಯಲ್ಲಿ ಐದು ತಿಂಗಳಿದ್ದಾಗಲೇ 60–70 ಲಕ್ಷ ಅಂಡಾಣುಗಳಿರುತ್ತವೆ. ಹುಟ್ಟುವಾಗ 10–20 ಲಕ್ಷ, ಮೈನೆರೆಯುವಾಗ 3–4 ಲಕ್ಷ ಉಳಿದಿರುತ್ತವೆ. ಬಲಿತು ಹೊರಬರುವುದು ಜೀವಮಾನದಲ್ಲಿ ಸುಮಾರು 400. ಎಎಂಎಚ್ ಎಂಬ ಹಾರ್ಮೋನಿನ ರಕ್ತಪರೀಕ್ಷೆ ತಿಳಿಸುವುದು ಉಳಿದವುಗಳ ಅಂದಾಜನ್ನು, ಗುಣವನ್ನಲ್ಲ. ಮುಟ್ಟು ಸರಿಯಾಗಿದ್ದರೆ ಸಹಜವಾಗಿಯೇ ಬಸಿರಾಗಬಹುದು. ಆದರೆ 35 ದಾಟಿದವರು ಆರು ತಿಂಗಳ ಪ್ರಯತ್ನ ಫಲಿಸದಿದ್ದರೆ ಸ್ತ್ರೀರೋಗ ತಜ್ಞರನ್ನು ಕಾಣಬೇಕು. ತಂಬಾಕು ಅಂಡಾಣುಗಳಿಗೆ ಹಾನಿ, ಹಾಗಾಗಿ ತಂಬಾಕಿನ ಮಿಶ್ರಿ ತಿಕ್ಕುವ ರೂಢಿಯಿದ್ದರೆ ಇಂದೇ ಬಿಡಿ. ದಾನಿಯ ಅಂಡಾಣುವಿನ ಮಾತು ಬಂದರೆ, 2021ರ ಕಾಯ್ದೆಯಂತೆ ದಾನಿಗೆ 23ರಿಂದ 35 ವರ್ಷವಾಗಿರಬೇಕು, ಚಿಕಿತ್ಸಾ ಕೇಂದ್ರ ನೋಂದಣಿಯಾಗಿರಬೇಕು. ನೋಂದಣಿ ಪತ್ರ ಕೇಳಿ ನೋಡಿ, ಆಮೇಲೆ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ.