ನೆಟ್ಟನೆಯ ಗಳಕ್ಕೆ ಯಾವ ಮರದ ಕೂಳೆ?

ಕಬ್ಬಿಗಿರುವಂತೆ ಮರಕ್ಕೂ ಕೂಳೆಯುಂಟು. ಕಡಿದ ಮೋಟಿನಿಂದ ಹೊರಡುವ ಚಿಗುರು ಹಳೆಯ ಬೇರಿನ ಬಲದಿಂದ ಸಸಿಗಿಂತ ಬೇಗ ಏಳುತ್ತದೆ. ಗುಬ್ಬಿಯ ತೋಟಗಳಿಗೆ, ಕುಣಿಗಲ್ಲಿನ ತರಕಾರಿ ಚಪ್ಪರಗಳಿಗೆ, ತುಮಕೂರು ನಗರದ ಕಟ್ಟಡ ಕೆಲಸಕ್ಕೆ ಗಳ ಬೇಕಾಗುತ್ತಲೇ ಇರುತ್ತದೆ. ಆದರೆ ಎಲ್ಲ ಮರವೂ ಕೂಳೆ ಕೊಡುವುದಿಲ್ಲ. ಇದನ್ನರಿಯದೆ ಕಡಿದರೆ ಮರದೊಂದಿಗೆ ಬೇರೂ ವ್ಯರ್ಥವಾಗುತ್ತದೆ.

ಸಾಮಾನ್ಯ ಸರ್ವೆ ಇದಕ್ಕೆ ಉದಾಹರಣೆ. ಗಳ ನೆಟ್ಟಗಿದ್ದರೂ ಮೋಟು ಸರಿಯಾಗಿ ಚಿಗುರುವುದಿಲ್ಲ. ಪ್ರತಿ ಸಲವೂ ಸಸಿ ನೆಡಬೇಕು. ಜುಂಗುನಿಯಾನಾ ಎಂಬ ಸರ್ವೆ ಜಾತಿ ಮಾತ್ರ ಚೆನ್ನಾಗಿ ಚಿಗುರುತ್ತದೆ. ಸಸಿ ಕೊಳ್ಳುವಾಗ ಜಾತಿಯನ್ನು ಕೇಳಿಯೇ ಕೊಳ್ಳಿರಿ. ಹೆಬ್ಬೇವೂ ಚಿಗುರುತ್ತದೆ, ಆದರೆ ಅದಕ್ಕೆ ಬೆಲೆಯಿರುವುದು ಪ್ಲೈವುಡ್ಡಿಗಾಗುವ ದಪ್ಪ ದಿಮ್ಮಿಯಲ್ಲಿ. ಗಳಕ್ಕೆಂದು ಕಡಿಯುವುದು ಜಾಣತನವಲ್ಲ.

ತೇಗ ಒಳ್ಳೆಯ ಕೂಳೆ ಮರ. ಮೇಕೆಗಳು ಅದರ ಎಲೆಗೆ ಬಾಯಿ ಹಾಕುವುದು ಕಡಿಮೆ. ಬದುವಿನಲ್ಲಿ ಒಂಟಿಯಾಗಿ ಬೆಳೆದರೆ ಕೊಂಬೆಯೊಡೆಯುತ್ತದೆ. 2 ಮೀಟರು ಅಂತರದಲ್ಲಿ ಒತ್ತಾಗಿ ನೆಟ್ಟರೆ ಬೆಳಕಿಗಾಗಿ ನೇರ ಏಳುತ್ತದೆ. ಕಡಿಯುವ ಮುನ್ನ ಅರಣ್ಯ ಇಲಾಖೆಯ ಅನುಮತಿ ಪಡೆಯತಕ್ಕದ್ದು.

ಇನ್ನು ನೀಲಗಿರಿ. 1980ರ ದಶಕದಲ್ಲಿ ಸಾಮಾಜಿಕ ಅರಣ್ಯದ ಹೆಸರಿನಲ್ಲಿ ಎಷ್ಟೋ ರಾಗಿ ಹೊಲಗಳು ನೀಲಗಿರಿ ತೋಪುಗಳಾದವು. ಅಂತರ್ಜಲದ ಚಿಂತೆಯಿಂದ 2017ರಲ್ಲಿ ರಾಜ್ಯ ಸರ್ಕಾರ ಹೊಸದಾಗಿ ನೆಡುವುದನ್ನು ನಿಷೇಧಿಸಿತು. ಆದ್ದರಿಂದ ಈ ಮಾತು ಹಳೆಯ ತೋಪುಳ್ಳವರಿಗೆ ಮಾತ್ರ. ಮೂರು ನಾಲ್ಕು ಕಟಾವಿನ ನಂತರ ಮೋಟು ಸೊರಗುತ್ತದೆ. ಆಗ ಬೇರುಸಹಿತ ಕಿತ್ತು ಹೊಲವನ್ನು ರಾಗಿಗೆ ಮರಳಿಸುವುದೇ ಮೇಲು.

ಯಾವ ಜಾತಿಯಾದರೂ ತಾಯಿಮರವನ್ನು ನೋಡಬೇಕು. ಕೂಳೆಯಲ್ಲಿ ತಾಯಿಯ ಗುಣವೇ ಬರುತ್ತದೆ. ದನ ಮುರಿದೋ ಗಾಳಿಗೆ ಬಾಗಿಯೋ ಡೊಂಕಾದ ಮರದ ಚಿಗುರು ನೆಟ್ಟಗೆ ಬರಬಹುದು. ಸುತ್ತಲಿನವು ನೇರವಾಗಿದ್ದು ತಾನೊಂದೇ ಕಾರಣವಿಲ್ಲದೆ ತಿರುಚಿಕೊಂಡಿದ್ದರೆ ಅದು ಹುಟ್ಟುಗುಣ. ಅಂಥ ಮೋಟನ್ನು ಉಳಿಸಬೇಡಿರಿ.

ಮುಂಗಾರಿಗೆ ಮುಂಚೆ, ನೆಲದಿಂದ 10–15 ಸೆಂ.ಮೀ. ಬಿಟ್ಟು, ನೀರು ನಿಲ್ಲದಂತೆ ಓರೆಯಾಗಿ ಗರಗಸದಿಂದ ಕೊಯ್ಯಬೇಕು. ತೊಗಟೆ ಸೀಳಿದರೆ ಮೋಟು ಕೊಳೆಯುತ್ತದೆ. ಚಿಗುರುಗಳು ಆಳೆತ್ತರ ದಾಟಿದ ಮೇಲೆ ಮೋಟಿಗೆ ಎರಡನ್ನು ಮಾತ್ರ ಬಿಟ್ಟು ಉಳಿದವನ್ನು ಸವರಿ ಹಾಕಿರಿ. ಬುಡದ ಹತ್ತಿರ ಹುಟ್ಟಿದ ಚಿಗುರನ್ನೇ ಆರಿಸಬೇಕು. ಮೋಟಿನ ತುದಿಯ ಚಿಗುರು ಎಷ್ಟೇ ಚೆಂದ ಕಂಡರೂ ಬಿರುಗಾಳಿಗೆ ಸಿಗಿದು ಬೀಳುತ್ತದೆ.