ಬಿಸಿಲ ನಾಡಿನಲ್ಲಿ ಪಾಲಿಹೌಸ್: ಬೇಸಿಗೆ ಬೆಳೆಗಳ ನಾಟಿಯ ಯೋಜನೆ

ಲಡಾಖಿನ ಲೇಹ್‌ನಂತಹ ಶೀತಪ್ರದೇಶದಲ್ಲಿ ಪಾಲಿಹೌಸನ್ನು ನಿರ್ಮಿಸುವುದು ಶಾಖವನ್ನು ಹಿಡಿದಿಡುವುದಕ್ಕಾಗಿ. ಆದರೆ ದಖನ್ ಪ್ರಸ್ಥಭೂಮಿಯ ಮೇಲೆ, ಸಮುದ್ರಮಟ್ಟದಿಂದ ಸುಮಾರು 500 ಮೀಟರ್ ಎತ್ತರದಲ್ಲಿರುವ ಹೈದರಾಬಾದ್ ನಗರದ ಪೂರ್ವಭಾಗದ ಉಪ್ಪಲ್‌ನಲ್ಲಿ ಸಮಸ್ಯೆ ಇದಕ್ಕೆ ತದ್ವಿರುದ್ಧ. ಇಲ್ಲಿ ಮೇ ತಿಂಗಳ ಹಲವು ದಿನಗಳಲ್ಲಿ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಮುಚ್ಚಿದ ಪಾಲಿಹೌಸಿನ ಒಳಗೆ ಅದು ಇನ್ನೂ ಹೆಚ್ಚು. ಆದುದರಿಂದ ಬೇಸಿಗೆ ಬೆಳೆಯ ಯಶಸ್ಸು ನಾಟಿಯ ದಿನಾಂಕವನ್ನು ಅವಲಂಬಿಸಿದೆ. ಕಲಬುರಗಿ, ರಾಯಚೂರು ಜಿಲ್ಲೆಗಳ ಬಿಸಿಲೂ ಇದೇ ಬಗೆಯದಾದ್ದರಿಂದ ಈ ಕ್ರಮವನ್ನು ಅಲ್ಲಿಯೂ ಅನುಸರಿಸಬಹುದು.

ದಿನಾಂಕ ನಿರ್ಧರಿಸುವ ಬಗೆ

ಹಗಲಿನ ಉಷ್ಣತೆ 35 ಡಿಗ್ರಿ ಮೀರಿ, ರಾತ್ರಿಯೂ ಸೆಕೆ ತಗ್ಗದಿದ್ದರೆ ಟೊಮೇಟೊ ಗಿಡದ ಪರಾಗ ಸತ್ವಹೀನವಾಗುತ್ತದೆ. ಗಿಡ ಹಸಿರಾಗಿ ಬೆಳೆದು ಹೂ ಬಿಟ್ಟರೂ ಕಾಯಿ ಕಚ್ಚುವುದಿಲ್ಲ, ಹೂಗಳು ಉದುರಿಹೋಗುತ್ತವೆ. ಬೀಜ, ಗೊಬ್ಬರ, ಕೂಲಿಗೆ ಮಾಡಿದ ವೆಚ್ಚವೆಲ್ಲ ವ್ಯರ್ಥವಾಗುತ್ತದೆ. ಆದುದರಿಂದ ಮಾರ್ಚ್ ಮಧ್ಯದೊಳಗೆ ಬಹುಪಾಲು ಕಾಯಿ ಕಚ್ಚುವಂತೆ ಹಿಂದಕ್ಕೆ ಲೆಕ್ಕ ಹಾಕಬೇಕು. ನಾಟಿಯಾದ ಸುಮಾರು ಒಂದು ತಿಂಗಳಿಗೆ ಟೊಮೇಟೊ ಹೂ ಬಿಡುತ್ತದೆ. ಸಸಿ ಸಿದ್ಧವಾಗಲು 25ರಿಂದ 30 ದಿನ ಬೇಕು. ಹೀಗಾಗಿ ಡಿಸೆಂಬರ್ ಎರಡನೆಯ ವಾರದಲ್ಲಿ ಬೀಜ ಬಿತ್ತಿ, ಜನವರಿ ಎರಡನೆಯ ವಾರದಲ್ಲಿ ನಾಟಿ ಮಾಡುವುದು ಸೂಕ್ತ.

ಸೌತೆಯನ್ನು ಜನವರಿ ಕೊನೆಯ ವಾರದಲ್ಲಿ ನೇರವಾಗಿ ಬಿತ್ತಬಹುದು. 40ರಿಂದ 45 ದಿನಗಳಲ್ಲಿ ಕೊಯ್ಲು ಆರಂಭವಾಗಿ ಏಪ್ರಿಲ್ ಅಂತ್ಯಕ್ಕೆ ಮುಗಿಯುತ್ತದೆ. ಕೀಟತಡೆ ಪರದೆಯೊಳಗೆ ಜೇನುನೊಣ ಬರಲಾರದು. ಆದಕಾರಣ ಪರಾಗಸ್ಪರ್ಶವಿಲ್ಲದೆ ಕಾಯಿ ಬಿಡುವ ತಳಿಗಳನ್ನೇ ಆರಿಸಬೇಕು. ಟೊಮೇಟೊಗೆ ಗಾಳಿಯ ಅಲುಗಾಟ ಸಾಲದಿದ್ದರೆ, ಬೆಳಗಿನ ವೇಳೆ ಗಿಡ ಕಟ್ಟಿದ ದಾರವನ್ನು ಮೆಲ್ಲನೆ ತಟ್ಟಬೇಕು.

ಸಸಿಗಳ ಲೆಕ್ಕ

8 ಮೀಟರ್ ಅಗಲ, 20 ಮೀಟರ್ ಉದ್ದದ ಪಾಲಿಹೌಸನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. 1 ಮೀಟರ್ ಅಗಲ, 18 ಮೀಟರ್ ಉದ್ದದ ಐದು ಏರುಮಡಿಗಳನ್ನು ಅರ್ಧ ಮೀಟರ್ ಕಾಲುದಾರಿ ಬಿಟ್ಟು ಮಾಡಬಹುದು. ಮಡಿಗೆ ಎರಡು ಸಾಲು, ಗಿಡದಿಂದ ಗಿಡಕ್ಕೆ 45 ಸೆಂಟಿಮೀಟರ್ ಅಂತರವಾದರೆ ಮಡಿಯೊಂದಕ್ಕೆ 80 ಗಿಡಗಳು. ಮೂರು ಮಡಿಗಳಲ್ಲಿ ಟೊಮೇಟೊ, ಎರಡರಲ್ಲಿ ಸೌತೆ ಎಂದಿಟ್ಟುಕೊಂಡರೆ 240 ಟೊಮೇಟೊ ಸಸಿಗಳು ಬೇಕು. ಶೇಕಡಾ 10ರಷ್ಟು ಹೆಚ್ಚುವರಿ ಸೇರಿ 264. ತೆಂಗಿನ ನಾರಿನ ಪುಡಿ ತುಂಬಿದ, 98 ಗುಳಿಗಳ ಮೂರು ಪ್ರೋಟ್ರೇಗಳು ಸಾಕು.

ಶಾಖ ತಗ್ಗಿಸುವ ಕ್ರಮಗಳು

ಪಕ್ಕದ ಗೋಡೆಗಳಿಗೆ ಪ್ಲಾಸ್ಟಿಕ್ ಹಾಳೆಯ ಬದಲು ಕೀಟತಡೆ ಪರದೆ ಹಾಕಬೇಕು. ಬಿಸಿಗಾಳಿ ಹೊರಹೋಗಲು ಛಾವಣಿಯ ನೆತ್ತಿಯಲ್ಲಿ ಕಿಂಡಿಯಿರಬೇಕು. ಮಾರ್ಚ್ ಆರಂಭದಿಂದ ಶೇಕಡಾ 35ರಿಂದ 50ರಷ್ಟು ನೆರಳು ನೀಡುವ ಪರದೆಯನ್ನು ಛಾವಣಿಯ ಹೊರಭಾಗದಲ್ಲಿ ಹರಡುವುದು ಉತ್ತಮ. ಒಳಗೆ ಕಟ್ಟಿದ ಪರದೆ ತಾನೇ ಕಾದು ಶಾಖವನ್ನು ಒಳಗೇ ಉಳಿಸುತ್ತದೆ. ಹನಿ ನೀರಾವರಿಯನ್ನು ಬೆಳಗ್ಗೆ ಒದಗಿಸಿ, ಮಡಿಗಳಿಗೆ ಹೊದಿಕೆ ಹಾಕಬೇಕು. ಒಣ ಶಾಖದಲ್ಲಿ ಹೆಚ್ಚುವ ಜೇಡನುಸಿಗಾಗಿ ಎಲೆಗಳ ಅಡಿಭಾಗವನ್ನು ವಾರಕ್ಕೆರಡು ಬಾರಿ ಪರೀಕ್ಷಿಸಬೇಕು.

ಮೇ ತಿಂಗಳ ಸದುಪಯೋಗ

ಏಪ್ರಿಲ್ ಕೊನೆಯಲ್ಲಿ ಬೆಳೆ ತೆಗೆದು, ಮಡಿಗಳನ್ನು ತೋಯಿಸಿ, ತೆಳುವಾದ ಪಾರದರ್ಶಕ ಹಾಳೆ ಹೊದಿಸಿ, ಅಂಚುಗಳನ್ನು ಮಣ್ಣಿನಲ್ಲಿ ಹೂಳಬೇಕು. ನಾಲ್ಕರಿಂದ ಆರು ವಾರಗಳ ಬಿಸಿಲಿಗೆ ಬೇರುಗಂಟು ಜಂತುಹುಳು, ಕಳೆಬೀಜ ಹಾಗೂ ಅನೇಕ ರೋಗಾಣುಗಳು ಗಣನೀಯವಾಗಿ ತಗ್ಗುತ್ತವೆ. ಬೆಳೆಗೆ ಶತ್ರುವಾದ ಬಿಸಿಲು ಮಣ್ಣಿಗೆ ಔಷಧವಾಗುವುದು ಹೀಗೆ.

ಇದೇ ಅವಧಿಯಲ್ಲಿ, ಮೇ ಎರಡನೆಯ ವಾರ, ಬೇರೆಡೆ ನೆರಳುಪರದೆಯಡಿ ದೊಣ್ಣೆಮೆಣಸಿನಕಾಯಿಯ ಸಸಿ ಬೆಳೆಸಬೇಕು. ಮುಂಗಾರು ತಲುಪಿ ತಂಪಾದ ಮೇಲೆ, ಜೂನ್ ಮೂರನೆಯ ವಾರದಲ್ಲಿ ನಾಟಿ ಮಾಡಬಹುದು. ಟೊಮೇಟೊ ಮತ್ತು ದೊಣ್ಣೆಮೆಣಸಿನಕಾಯಿ ಒಂದೇ ಕುಟುಂಬದವು. ಆದ್ದರಿಂದ ಇದನ್ನು ಸೌತೆಯಿದ್ದ ಮಡಿಗಳಲ್ಲಿಯೂ, ಸೌತೆಯನ್ನು ಟೊಮೇಟೊ ಇದ್ದ ಮಡಿಗಳಲ್ಲಿಯೂ ಹಾಕಬೇಕು.

2014-15ರಲ್ಲಿ ಆರಂಭವಾದ ಸಮಗ್ರ ತೋಟಗಾರಿಕೆ ಅಭಿವೃದ್ಧಿ ಮಿಷನ್ ಅಡಿಯಲ್ಲಿ ಪಾಲಿಹೌಸಿಗೆ ಸಹಾಯಧನದ ಅವಕಾಶವಿದೆ. ನಿರ್ಮಾಣಕ್ಕೆ ಮುನ್ನವೇ ಜಿಲ್ಲಾ ತೋಟಗಾರಿಕೆ ಕಚೇರಿಯಲ್ಲಿ ನಿಯಮಗಳನ್ನೂ, ಕೃಷಿ ವಿಜ್ಞಾನ ಕೇಂದ್ರದಲ್ಲಿ ಸೂಕ್ತ ತಳಿಗಳನ್ನೂ ತಿಳಿದುಕೊಳ್ಳುವುದು ಹಿತಕರ.